ಅನ್ನಾ ಮಣಿ: ಹವಾಮಾನವನ್ನು ಅಳೆದವರು

ಈ ಸಂಚಿಕೆ ನಿಮ್ಮ ಮೊಬೈಲ್‌ಗೆ ಬರೋ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಬಿಸಿನೀರಿನ ಬಕೆಟ್‌ಗೆ ಕ್ಯೂ ಶುರುವಾಗಿರುತ್ತದೆ. ಬೆಳಿಗ್ಗೆ ಮೊದಲನೇ ಕ್ಲಾಸಿನಲ್ಲಿ ಅರ್ಧ ಜನ ಸ್ವೆಟರ್ ಒಳಗೇ ನಿದ್ದೆ ಮುಂದುವರಿಸಿರುತ್ತೀರಿ. ಕಣ್ಣು ಬಿಟ್ಟ ಕೂಡಲೇ ಮೊಬೈಲ್‌ನಲ್ಲಿ ಇವತ್ತು ಎಷ್ಟು ಡಿಗ್ರಿ ಅಂತ ನೋಡೋದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಆ ನಂಬರ್ ಎಲ್ಲಿಂದ ಬಂತು, ಯಾರು ಅಳೆದರು ಅಂತ ಮಾತ್ರ ನಾವು ಯಾವತ್ತೂ ಕೇಳಿಕೊಂಡಿಲ್ಲ.

ಚಳಿಗಾಲದಲ್ಲಿ ಭಾರತ ಹವಾಮಾನ ಇಲಾಖೆ ದಿನವೂ ಕೊಡೋ ಮುನ್ಸೂಚನೆಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ಒಂದೇ ಪುಟದಲ್ಲಿ ಇಡೀ ದೇಶ ಇರುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರೋ ಪಶ್ಚಿಮದ ಅಡಚಣೆ ಕಾಶ್ಮೀರಕ್ಕೆ ಹಿಮ ತರುತ್ತದೆ, ಪಂಜಾಬಿನ ಗೋಧಿಗೆ ಮಳೆ ತರುತ್ತದೆ. ಅದು ಮುಂದೆ ಹೋದ ಮೇಲೆ ಉತ್ತರದಿಂದ ಒಣ ಗಾಳಿ ಬೀಸಿ ದೆಹಲಿ, ರಾಜಸ್ಥಾನಗಳಲ್ಲಿ ಶೀತಗಾಳಿ. ಗಂಗಾ ಬಯಲಿನಲ್ಲಿ ದಟ್ಟ ಮಂಜು. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ತಮಿಳುನಾಡಿಗೆ ಮಳೆ, ನಮ್ಮ ಕಡೆ ಮೋಡ. ಮೂರು ದಿನದವರೆಗಿನ ಇಂಥ ಮುನ್ಸೂಚನೆಗೆ ಅಲ್ಪಾವಧಿ ಮುನ್ಸೂಚನೆ ಅಂತಾರೆ. ದ್ರಾಸ್‌ನಿಂದ ಕನ್ಯಾಕುಮಾರಿವರೆಗಿನ ದೇಶಕ್ಕೆ ಮೂರು ದಿನ ಮುಂಚೆ ಹೇಳೋದು ಸಣ್ಣ ಕೆಲಸ ಅಲ್ಲ.

ಈ ಲೇಖನ ಆ ಕೆಲಸಕ್ಕೆ ಬೇಕಾದ ಉಪಕರಣಗಳನ್ನು ನಮ್ಮ ದೇಶದಲ್ಲೇ ಮಾಡಿಸಿದ ಅನ್ನಾ ಮಣಿ ಅವರ ಬಗ್ಗೆ. ಆದರೆ ಅವರ ಹೆಸರು ನಮಗೆ ಗೊತ್ತಾಗಿದ್ದು ನಾವು ಮಾಡಿದ ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡ್ತೀವಿ.

ಭಾಗ್ಯನಗರದ ಮಾಳಿಗೆ ಮೇಲೆ

ಕೊಪ್ಪಳಕ್ಕೆ ಅಂಟಿಕೊಂಡೇ ಇರೋ ಊರು ಭಾಗ್ಯನಗರ. ಅಲ್ಲಿ ಎರಡು ಕಸುಬು ಹೆಸರುವಾಸಿ. ಒಂದು ನೇಕಾರಿಕೆ, ಇನ್ನೊಂದು ಕೂದಲು. ಹೌದು, ಮನುಷ್ಯರ ತಲೆಗೂದಲು. ಬೇರೆ ಬೇರೆ ಕಡೆಯಿಂದ ಬರೋ ಕೂದಲನ್ನು ಸಿಕ್ಕು ಬಿಡಿಸಿ, ತೊಳೆದು, ಒಣಗಿಸಿ, ಉದ್ದದ ಪ್ರಕಾರ ವಿಂಗಡಿಸಿ ಕಟ್ಟು ಕಟ್ತಾರೆ. ಅದು ಹೊರದೇಶಗಳಿಗೂ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ದಿನದ ಗಳಿಕೆ ಇದರ ಮೇಲೆ ನಿಂತಿದೆ.

ನಮ್ಮ ಮೂವರಲ್ಲಿ ಒಬ್ಬನ ಮನೆ ಅಲ್ಲಿಯದು. ಹೋದ ವರ್ಷ ಡಿಸೆಂಬರ್‌ನಲ್ಲಿ ಫಸ್ಟ್ ಇಯರ್ ಪ್ರಾಜೆಕ್ಟ್ ಅಂತ ನಾವು ಒಂದು ಪುಟ್ಟ ಹವಾಮಾನ ಕೇಂದ್ರ ಮಾಡಿದ್ವಿ. ಒಂದು ಡಿಎಚ್‌ಟಿ11 ಸೆನ್ಸರ್, ಒಂದು ಬೋರ್ಡ್, ಒಂದು ಪ್ಲಾಸ್ಟಿಕ್ ಡಬ್ಬಿ. ಗೆಳೆಯನ ಮನೆ ತಗಡಿನ ಶೆಡ್ ಮೇಲೆ ಇಟ್ಟು, ಮೊಬೈಲ್‌ನಲ್ಲಿ ರೀಡಿಂಗ್ ಬರೋದು ನೋಡಿ ಖುಷಿಪಟ್ವಿ. ಆ ದಿನ ತೇವಾಂಶ ಕಡಿಮೆ ತೋರಿಸ್ತಿತ್ತು. ತೊಳೆದ ಕೂದಲನ್ನು ರಾತ್ರಿ ಹೊರಗೇ ಬಿಡಬಹುದು, ಏನೂ ಆಗಲ್ಲ ಅಂತ ಅವನ ಕಾಕಾಗೆ ನಾವೇ ಹೇಳಿದ್ವಿ. ಹಿಂದಿನ ಸಂಜೆಯ ಮುನ್ಸೂಚನೆಯಲ್ಲಿ ಉತ್ತರ ಒಳನಾಡಿನಲ್ಲಿ ಅಲ್ಲಲ್ಲಿ ಹಗುರ ಮಳೆ ಅಂತ ಇತ್ತು. ನಮ್ಮ ಕೈಯಲ್ಲಿ ಸೆನ್ಸರ್ ಇರೋವಾಗ ಅದನ್ನು ಯಾರು ನೋಡ್ತಾರೆ?

ರಾತ್ರಿ ಎರಡರ ಸುಮಾರಿಗೆ ಜಿಟಿಜಿಟಿ ಮಳೆ ಬಂತು. ಬೆಳಿಗ್ಗೆ ಕಾಕಾ ಬೈಯಲಿಲ್ಲ. ಎಲ್ಲರೂ ಕೂತು ಒದ್ದೆಯಾದ ಕೂದಲನ್ನು ಮತ್ತೆ ತೊಳೆದು, ಮತ್ತೆ ಸಿಕ್ಕು ಬಿಡಿಸ್ತಾ ಇದ್ರು. ಬೈದಿದ್ರೆ ಚಲೋ ಇತ್ತು ಅನಿಸ್ತು.

ಆಮೇಲೆ ಕೂತು ನೋಡಿದಾಗ ತಪ್ಪು ತಿಳಿತು. ಬಿಸಿಲಿಗೆ ಕಾದ ತಗಡಿನ ಮೇಲೆ, ಗಾಳಿ ಆಡದ ಡಬ್ಬಿಯಲ್ಲಿ ಸೆನ್ಸರ್ ಇಟ್ಟಿದ್ವಿ. ಒಳಗಿನ ಗಾಳಿ ಹೊರಗಿಗಿಂತ ಬಿಸಿ. ಬಿಸಿ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಕಡಿಮೆ ಕಾಣುತ್ತದೆ. ಅಂದರೆ ನಾವು ಊರಿನ ಹವೆ ಅಳೆದಿರಲಿಲ್ಲ, ಡಬ್ಬಿಯ ಹವೆ ಅಳೆದಿದ್ವಿ. ಸರಿಯಾಗಿ ಅಳೆದಿದ್ದರೂ ಒಂದೇ ಜಾಗದ ಒಂದು ನಂಬರ್ ನೋಡಿ ರಾತ್ರಿಯ ಮಳೆ ಹೇಳೋಕೆ ಆಗಲ್ಲ. ಇನ್ನೊಂದು ಮಾತು, ಆ ಸೆನ್ಸರ್‌ನ ಡೇಟಾಶೀಟ್‌ನಲ್ಲೇ ತಾಪಮಾನಕ್ಕೆ ಎರಡು ಡಿಗ್ರಿ, ಆರ್ದ್ರತೆಗೆ ಶೇ 5 ಆಚೀಚೆ ಆಗಬಹುದು ಅಂತ ಬರೆದಿರುತ್ತದೆ. ನಾವು ಓದಿರಲಿಲ್ಲ. ಕ್ಯಾಲಿಬ್ರೇಷನ್ ಅನ್ನೋ ಪದ ನಮಗೆ ರೆಕಾರ್ಡ್ ಬುಕ್‌ನಲ್ಲಿ ಬರೆಯೋ ಒಂದು ಹೆಡ್ಡಿಂಗ್ ಮಾತ್ರ ಆಗಿತ್ತು.

ಹವಾಮಾನ ಉಪಕರಣಗಳನ್ನು ಸರಿಯಾಗಿ ಹೇಗೆ ಮಾಡ್ತಾರೆ ಅಂತ ಹುಡುಕ್ತಾ ಹೋದಾಗ ಸಿಕ್ಕ ಹೆಸರು ಅನ್ನಾ ಮಣಿ.

ಓಲೆ ಬೇಡ, ಪುಸ್ತಕ ಬೇಕು

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್, ಏಲಕ್ಕಿ ತೋಟಗಳೂ ಇದ್ದವು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಅನುಕೂಲಸ್ಥ ಮನೆ. ಅಂಥ ಮನೆಗಳಲ್ಲಿ ಗಂಡುಮಕ್ಕಳು ಓದಿ ದೊಡ್ಡ ಹುದ್ದೆಗೆ ಹೋಗಬೇಕು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಬೇಕು ಅನ್ನೋದು ಯಾರೂ ಪ್ರಶ್ನೆ ಮಾಡದ ಲೆಕ್ಕ.

ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಬಂತು. ಅವರು ಅದನ್ನು ಬೇಡ ಅಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿದರು. ಅಷ್ಟರಲ್ಲೇ ಊರಿನ ಗ್ರಂಥಾಲಯದ ಮಲಯಾಳಂ ಪುಸ್ತಕಗಳನ್ನು ಹೆಚ್ಚುಕಡಿಮೆ ಮುಗಿಸಿದ್ದರು. 1925ರಲ್ಲಿ ವೈಕಂ ಸತ್ಯಾಗ್ರಹದ ಸಮಯದಲ್ಲಿ ಗಾಂಧೀಜಿ ಆ ಕಡೆ ಬಂದಿದ್ದರು. ಅದರ ಪ್ರಭಾವ ಆ ಹುಡುಗಿಯ ಮೇಲೆ ಆಯಿತು. ಮುಂದೆ ಖಾದಿ ಉಟ್ಟರು, ಅದನ್ನು ಬಿಡಲಿಲ್ಲ. ಬೇಕಾದ್ದನ್ನು ನಮ್ಮ ಕೈಯಿಂದಲೇ ಮಾಡಿಕೊಳ್ಳಬೇಕು ಅನ್ನೋ ಮಾತು ಅವರಿಗೆ ಬಟ್ಟೆಗಷ್ಟೇ ನಿಲ್ಲಲಿಲ್ಲ. ಅದು ಮುಂದೆ ಗೊತ್ತಾಗುತ್ತದೆ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1939ರಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿದರು. ಮರುವರ್ಷ ಸ್ಕಾಲರ್‌ಶಿಪ್ ಸಿಕ್ಕಿ ಬೆಂಗಳೂರಿಗೆ ಬಂದರು.

ಬೆಂಗಳೂರಿನ ರಾತ್ರಿಗಳು

ಅವರು ಸೇರಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರ ಲ್ಯಾಬ್‌ನಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸುಲಭವಾಗಿ ಸಿಗ್ತಿರಲಿಲ್ಲ. ಕೆಲವೇ ವರ್ಷ ಮುಂಚೆ, 1933ರಲ್ಲಿ, ಕಮಲಾ ಸೊಹೊನಿ ಅವರು ರಾಮನ್ ಎದುರು ಹಟ ಹಿಡಿದು ಪ್ರವೇಶ ಪಡೆದಿದ್ದರು. ಆ ಬಾಗಿಲಿನಿಂದಲೇ ಆಮೇಲೆ ಬೇರೆಯವರು ಒಳಗೆ ಬಂದಿದ್ದು. ಬಂದ ಮೇಲೂ ಹುಡುಗ ಹುಡುಗಿಯರು ಕೂತು ಮಾತಾಡೋದು ರಾಮನ್ ಅವರಿಗೆ ಹಿಡಿಸ್ತಿರಲಿಲ್ಲ. ಎದುರು ಬೆಂಚಿನವನ ಜೊತೆ ಒಂದು ಡೌಟ್ ಚರ್ಚೆ ಮಾಡೋಕೂ ಆಗದ ಲ್ಯಾಬ್ ಹೇಗಿರುತ್ತೆ ಅಂತ ನಾವು ಯೋಚನೆ ಮಾಡಿ ನೋಡಿದ್ವಿ. ಅಂದಾಜು ಸಿಗಲಿಲ್ಲ.

ಓಲೆಯಲ್ಲಿ ಬೇಡ ಅಂದಿದ್ದ ವಜ್ರ ಇಲ್ಲಿ ಅವರ ಕೈಗೆ ಬಂತು. ರಾಮನ್ ಅವರ ಬಳಿ ವಜ್ರಗಳ ದೊಡ್ಡ ಸಂಗ್ರಹ ಇತ್ತು. ಅನ್ನಾ ಮಣಿ ಅದರಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಆರಿಸಿಕೊಂಡು, ಅವು ಬೆಳಕನ್ನು ಹೇಗೆ ಹೀರಿಕೊಂಡು ಹೇಗೆ ಹೊರಗೆ ಬಿಡುತ್ತವೆ ಅಂತ ಅಭ್ಯಾಸ ಮಾಡಿದರು. ಮಾಣಿಕ್ಯದ ಮೇಲೂ ಕೆಲಸ ಮಾಡಿದರು. ಹರಳನ್ನು ದ್ರವ ಗಾಳಿಯ ತಾಪಕ್ಕೆ ತಣ್ಣಗೆ ಮಾಡಿ ಇಡಬೇಕು. ಬೆಳಕು ತೀರಾ ಮಂದ ಆಗಿರೋದರಿಂದ ಒಂದು ಫೋಟೋ ಪ್ಲೇಟ್ ಮೇಲೆ ಗುರುತು ಮೂಡೋಕೆ 15ರಿಂದ 20 ಗಂಟೆ ಬೇಕು. ಅಷ್ಟೂ ಹೊತ್ತು ಕಾಯಬೇಕು. ಎಷ್ಟೋ ರಾತ್ರಿ ಲ್ಯಾಬ್‌ನಲ್ಲೇ ಮಲಗಿದರು. ಎರಡು ಗಂಟೆ ಲ್ಯಾಬ್‌ನಲ್ಲಿ ಒಂದೂವರೆ ಗಂಟೆಗೇ ಬ್ಯಾಗ್ ಏರಿಸಿಕೊಳ್ಳೋ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆ ಆಯ್ತು.

1942ರಿಂದ 1945ರ ನಡುವೆ ಒಬ್ಬರೇ ಐದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. 1945ರ ಆಗಸ್ಟ್‌ನಲ್ಲಿ ಪಿಎಚ್.ಡಿ. ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಆಗ ಈ ಸಂಸ್ಥೆಯ ಕೆಲಸಕ್ಕೆ ಡಿಗ್ರಿ ಕೊಡ್ತಿದ್ದದ್ದು ಆ ವಿಶ್ವವಿದ್ಯಾಲಯ. ಉತ್ತರ ಬಂತು: ಎಂ.ಎಸ್‌ಸಿ. ಇಲ್ಲ, ಆದ್ದರಿಂದ ಪಿಎಚ್.ಡಿ. ಇಲ್ಲ. ಐದು ವರ್ಷದ ಕೆಲಸ, ಅಚ್ಚಾದ ಐದು ಪ್ರಬಂಧ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಆ ಪ್ರಬಂಧದ ಪ್ರತಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಬೇರೆಯವರ ಪಿಎಚ್.ಡಿ. ಪ್ರಬಂಧಗಳ ಜೊತೆಗೇ ಇದೆ. ಪಕ್ಕದ ಪುಸ್ತಕಗಳಿಗೆ ಡಿಗ್ರಿ ಸಿಕ್ಕಿದೆ, ಇದಕ್ಕೆ ಇಲ್ಲ.

ಅವರು ಮಾತ್ರ ಕೊನೆವರೆಗೂ ಇದರ ಬಗ್ಗೆ ಕಹಿ ಇಟ್ಟುಕೊಳ್ಳಲಿಲ್ಲವಂತೆ. ಡಿಗ್ರಿ ಇಲ್ಲದ್ದರಿಂದ ತಮ್ಮ ಬದುಕಿಗೆ ಏನೂ ಕಮ್ಮಿ ಆಗಲಿಲ್ಲ ಅನ್ನೋ ಅರ್ಥದಲ್ಲೇ ಮಾತಾಡ್ತಿದ್ದರು. ಅದು ಅವರ ದೊಡ್ಡತನ. ಆದರೆ ಅವರು ದೊಡ್ಡ ಮನಸ್ಸು ಮಾಡಿದ್ದಕ್ಕೆ ಆಗಿದ್ದು ಸರಿ ಅಂತ ಆಗೋದಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಸಿಕ್ಕಿದ ಬ್ರಾಂಚ್

ಅದೇ 1945ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿಗೆ ಹೊರಟರು. ಯುದ್ಧ ಆಗತಾನೇ ಮುಗಿದಿತ್ತು, ಸೈನಿಕರನ್ನು ಸಾಗಿಸೋ ಹಡಗಿನಲ್ಲಿ ಪ್ರಯಾಣ. ಹೋಗಿದ್ದು ಫಿಸಿಕ್ಸ್ ಓದಬೇಕು ಅಂತ. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಸಿಇಟಿಯಲ್ಲಿ ಬೇಕಾದ ಬ್ರಾಂಚ್ ಸಿಗದೆ ಸಿಕ್ಕಿದ ಬ್ರಾಂಚ್ ತಗೊಂಡು ಬಂದವರು ಈ ಕ್ಯಾಂಪಸ್‌ನಲ್ಲಿ ತುಂಬಾ ಜನ ಇದ್ದೀವಿ. ಅವರು ಸಿಕ್ಕಿದ್ದನ್ನೇ ಮೂರು ವರ್ಷ ಮನಸ್ಸಿಟ್ಟು ಕಲಿತರು.

1948ರಲ್ಲಿ ಸ್ವತಂತ್ರ ಭಾರತಕ್ಕೆ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಇಲಾಖೆ ಶುರುವಾಗಿ ಆಗಲೇ 70 ವರ್ಷ ದಾಟಿತ್ತು, ಅದು 1875ರದ್ದು. ಆದರೂ ಸಾದಾ ಥರ್ಮಾಮೀಟರ್ ಕೂಡ ಬ್ರಿಟನ್ನಿನಿಂದಲೇ ಬರಬೇಕಿತ್ತು. ಒಂದು ಒಡೆದರೆ ಇನ್ನೊಂದು ಹಡಗಿನಲ್ಲಿ ಬರೋವರೆಗೂ ಆ ಕೇಂದ್ರದ ಪಟ್ಟಿ ಖಾಲಿ. ಅನ್ನಾ ಮಣಿ ಸುಮಾರು ನೂರು ಉಪಕರಣಗಳ ಡ್ರಾಯಿಂಗ್‌ಗಳನ್ನು ಸ್ಟ್ಯಾಂಡರ್ಡ್ ಮಾಡಿ, ಇಲ್ಲೇ ತಯಾರಿಸೋ ವ್ಯವಸ್ಥೆ ಕಟ್ಟಿದರು. 1953ರ ಹೊತ್ತಿಗೆ ಅವರ ಕೈಕೆಳಗೆ 121 ಗಂಡಸರು ಕೆಲಸ ಮಾಡ್ತಿದ್ದರು.

ತಯಾರಿಸೋದು ಅರ್ಧ ಕೆಲಸ. ಪ್ರತಿಯೊಂದನ್ನೂ ನಂಬಿಕಸ್ತ ಮಾಪಕದ ಜೊತೆ ಹೋಲಿಸಿ ನೋಡದೆ ಹೊರಗೆ ಕಳಿಸಬಾರದು ಅನ್ನೋದು ಅವರ ನಿಯಮ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರೋದು ವಾಸಿ ಅಂತ ಅವರು ನಂಬಿದ್ದರು. ಇದನ್ನು ಓದಿದಾಗ ನಮ್ಮ ಮೂವರಿಗೂ ಆ ತಗಡಿನ ಶೆಡ್ ನೆನಪಾಯ್ತು.

ಅರ್ಧ ಡಿಗ್ರಿಯ ಕಥೆ

ಅಷ್ಟೊಂದು ಕಟ್ಟುನಿಟ್ಟು ಯಾಕೆ ಬೇಕು? ಒಂದು ಸಣ್ಣ ಲೆಕ್ಕ ನೋಡೋಣ. ಬಯಲು ಸೀಮೆಯ ಒಂದು ಕೇಂದ್ರದಲ್ಲಿ ಶೀತಗಾಳಿ ಅಂತ ಹೇಳಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ಇಳಿಕೆ 6.4 ದಾಟಿದರೆ ತೀವ್ರ ಶೀತಗಾಳಿ. ಈಗ ಒಂದು ಊರಿನ ವಾಡಿಕೆ 14.5 ಅಂತ ಇಟ್ಟುಕೊಳ್ಳಿ. ಇವತ್ತು ನಿಜವಾಗಿ 9.8 ಇದೆ. ವ್ಯತ್ಯಾಸ 4.7, ಅಂದರೆ ಶೀತಗಾಳಿ. ಆದರೆ ಥರ್ಮಾಮೀಟರ್ ಅರ್ಧ ಡಿಗ್ರಿ ಜಾಸ್ತಿ ತೋರಿಸಿದರೆ 10.3 ಅಂತ ಬರೆದುಕೊಳ್ಳುತ್ತಾರೆ. ಎಚ್ಚರಿಕೆ ಹೋಗೋದಿಲ್ಲ. ಬೀದರ, ವಿಜಯಪುರ ಕಡೆ ಹೊರಗೆ ಮಲಗೋ ಜನಕ್ಕೆ, ಬೆಳಗಿನ ಜಾವ ಶಾಲೆಗೆ ಹೋಗೋ ಮಕ್ಕಳಿಗೆ ಆ ಅರ್ಧ ಡಿಗ್ರಿ ಮುಖ್ಯ.

ಇನ್ನೂ ಒಂದು ಇದೆ. ಒಂದು ಊರಿನ ಅಳತೆ ಆ ಊರಿಗಷ್ಟೇ ಸೇರಿದ್ದಲ್ಲ. ಬೆಳಿಗ್ಗೆ 8:30ಕ್ಕೆ ದೇಶದ ಎಲ್ಲ ಕೇಂದ್ರಗಳಲ್ಲೂ ಒಂದೇ ಹೊತ್ತಿಗೆ ಅಳತೆ ತಗೋತಾರೆ. ದಿನಕ್ಕೆ ಎರಡು ಸಲ ಬಲೂನ್‌ಗಳು ರೇಡಿಯೋಸಾಂಡ್ ಹೊತ್ತು ಸುಮಾರು 30 ಕಿಲೋಮೀಟರ್ ಎತ್ತರದವರೆಗೆ ಹೋಗಿ ತಾಪ, ಒತ್ತಡ, ಆರ್ದ್ರತೆ ಕಳಿಸುತ್ತವೆ. ಎಲ್ಲವೂ ಸೇರಿ ಒಂದು ನಕ್ಷೆ. ಇವತ್ತಿನ ನಕ್ಷೆಯಿಂದಲೇ ನಾಳೆಯ ಲೆಕ್ಕ ಶುರು. ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಶುರುವಿನ ನಂಬರ್ ತಪ್ಪಿದ್ದರೆ ಉತ್ತರವೂ ತಪ್ಪೇ. ಶ್ರೀನಗರದ ಮಾಪಕವೂ ಚೆನ್ನೈನ ಮಾಪಕವೂ ಒಂದೇ ಭಾಷೆ ಮಾತಾಡಬೇಕು. ಆ ಒಂದೇ ಭಾಷೆಯನ್ನು ಕಲಿಸಿದವರಲ್ಲಿ ಅನ್ನಾ ಮಣಿ ಮುಖ್ಯರು.

ಇಲ್ಲಿ ಭಾಗ್ಯನಗರಕ್ಕೂ ಒಂದು ನಂಟು ಸಿಕ್ಕಿತು. ಗಾಳಿಯ ತೇವ ಅಳೆಯೋಕೆ ಹವಾಮಾನ ಕೇಂದ್ರಗಳಲ್ಲಿ ಎಷ್ಟೋ ದಶಕ ಬಳಸಿದ್ದು ಹೇರ್ ಹೈಗ್ರೋಗ್ರಾಫ್. ಅದರೊಳಗಿನ ಸೆನ್ಸರ್ ಮನುಷ್ಯರ ತಲೆಗೂದಲು! 1783ರಲ್ಲಿ ಸ್ವಿಟ್ಜರ್ಲೆಂಡಿನ ಸೋಸ್ಯೂರ್ ಕಂಡುಕೊಂಡ ಉಪಾಯ ಇದು. ಜಿಡ್ಡು ತೆಗೆದ ಕೂದಲು ತೇವ ಹೀರಿದರೆ ಉದ್ದ ಆಗುತ್ತದೆ, ಒಣಗಿದರೆ ಗಿಡ್ಡ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಶೇ 2ರಿಂದ 2.5ರಷ್ಟು ಉದ್ದ ಹೆಚ್ಚುತ್ತದೆ. ಅಷ್ಟು ಸಣ್ಣ ಬದಲಾವಣೆಯನ್ನು ಸನ್ನೆಕಡ್ಡಿಗಳಿಂದ ಹಿಗ್ಗಿಸಿ, ತಿರುಗೋ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತದೆ. ತೀರಾ ಚಳಿ ಇದ್ದಾಗ ಕೂದಲು ನಿಧಾನವಾಗಿ ಸ್ಪಂದಿಸುತ್ತದೆ ಅನ್ನೋದೊಂದು ತೊಂದರೆ. ಮಂಜು ಬೀಳುತ್ತಾ ಇಲ್ಲವಾ ಅಂತ ಹೇಳೋಕೆ ಈ ತೇವದ ಅಳತೆಯೇ ಬೇಕು. ಗೆಳೆಯನ ಅವ್ವನಿಗೆ ಇದನ್ನು ಹೇಳಿದಾಗ ಆಕೆಗೆ ಆಶ್ಚರ್ಯ ಆಗಲಿಲ್ಲ. ಮೋಡ ಮುಸುಕಿದ ದಿನ ಕೂದಲು ಕೈಯಲ್ಲಿ ಬೇರೆ ಥರಾನೇ ಆಡುತ್ತದೆ ಅನ್ನೋದು ದಿನಾ ಸಿಕ್ಕು ಬಿಡಿಸೋರಿಗೆ ಗೊತ್ತಿರೋ ವಿಷಯ.

ಬಿಸಿಲು, ಓಜೋನ್, ಗಾಳಿ

1957-58 ಅಂತಾರಾಷ್ಟ್ರೀಯ ಭೂಭೌತ ವರ್ಷ. ಆಗ ಅನ್ನಾ ಮಣಿ ದೇಶದ ಬೇರೆ ಬೇರೆ ಕಡೆ ಸೂರ್ಯನ ವಿಕಿರಣ ಅಳೆಯೋ ಕೇಂದ್ರಗಳ ಜಾಲ ಕಟ್ಟಿದರು. 1960ರಿಂದ ಓಜೋನ್ ಅಳೆಯೋ ಕೆಲಸಕ್ಕೆ ಇಳಿದು, ಬಲೂನಿನಲ್ಲಿ ಹೋಗೋ ಓಜೋನ್‌ಸಾಂಡ್ ಅನ್ನು ಇಲ್ಲೇ ರೂಪಿಸಿದರು. ಓಜೋನ್ ರಂಧ್ರದ ಸುದ್ದಿ ಜಗತ್ತಿಗೆ ಗೊತ್ತಾಗಿದ್ದು 1985ರಲ್ಲಿ. ಅಷ್ಟರೊಳಗೆ ಭಾರತದ ಬಳಿ ವರ್ಷಗಟ್ಟಲೆಯ ಲೆಕ್ಕ ಇತ್ತು. 1963ರಲ್ಲಿ ವಿಕ್ರಂ ಸಾರಾಭಾಯಿ ಅವರ ಕೋರಿಕೆ ಮೇಲೆ ತುಂಬಾ ರಾಕೆಟ್ ನೆಲೆಯಲ್ಲಿ ಹವಾಮಾನ ವೀಕ್ಷಣಾಲಯ, ಉಪಕರಣ ಗೋಪುರ ನಿಲ್ಲಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ನಿವೃತ್ತಿ ಅಂದರೆ ಅವರಿಗೆ ಬೆಂಗಳೂರಿಗೆ ವಾಪಸ್ ಬರೋದು ಅಂತ ಅರ್ಥ. ತಮ್ಮ ಹಳೇ ಗುರುಗಳ ಹೆಸರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣದ ಬಗ್ಗೆ ಎರಡು ಪುಸ್ತಕ ತಂದರು. ಆಮೇಲೆ ಗಾಳಿ. ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯೋ ಯೋಜನೆ ನಡೆಸಿದರು. ಗಾಳಿ, ಬಿಸಿಲು ಅಳೆಯೋ ಉಪಕರಣ ಮಾಡೋ ಸಣ್ಣ ಕಾರ್ಖಾನೆಯನ್ನೂ ಬೆಂಗಳೂರಿನಲ್ಲೇ ಶುರು ಮಾಡಿದರು.

ಇವತ್ತು ನೀವು ಯಲಬುರ್ಗಾ, ಕುಷ್ಟಗಿ ಕಡೆ ಬಸ್ಸಿನಲ್ಲಿ ಹೋದರೆ ಜೋಳ, ಕಡಲೆ ಹೊಲಗಳ ನಡುವೆ ಬಿಳಿ ಗಾಳಿಯಂತ್ರಗಳು ಕಾಣುತ್ತವೆ. ಯಂತ್ರ ನಿಲ್ಲಿಸೋ ಮುಂಚೆ ಆ ಜಾಗದ ಗಾಳಿಯನ್ನು ತಿಂಗಳುಗಟ್ಟಲೆ ಅಳೆಯಬೇಕು. ಯಾಕಂದ್ರೆ ವೇಗ ಎರಡು ಪಟ್ಟು ಆದರೆ ಗಾಳಿಯಲ್ಲಿನ ಶಕ್ತಿ ಎಂಟು ಪಟ್ಟು. ಅಳತೆಯಲ್ಲಿ ಶೇ 10ರ ತಪ್ಪು ಆದರೆ ವಿದ್ಯುತ್ ಲೆಕ್ಕದಲ್ಲಿ ಸುಮಾರು ಶೇ 30ರ ತಪ್ಪು. ಗಾಳಿ ವಿದ್ಯುತ್ ಅನ್ನೋದು ಇನ್ನೂ ಅಷ್ಟಾಗಿ ಬಳಕೆಗೆ ಬರದ ಕಾಲದಲ್ಲಿ ಅವರು ದೇಶದ ಗಾಳಿಯ ಲೆಕ್ಕ ಬರೆದಿಟ್ಟರು.

1987ರಲ್ಲಿ ಕೆ.ಆರ್. ರಾಮನಾಥನ್ ಪದಕ ಬಂತು. ಮದುವೆ ಆಗಲಿಲ್ಲ. 1994ರಲ್ಲಿ ಪಾರ್ಶ್ವವಾಯು ಆಗಿ ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. 83 ತುಂಬೋಕೆ ಒಂದು ವಾರ ಇತ್ತು. 2022ರಲ್ಲಿ ಅವರ ಹುಟ್ಟುಹಬ್ಬದ ದಿನ ಗೂಗಲ್ ಮುಖಪುಟದಲ್ಲಿ ಅವರ ಚಿತ್ರ ಬಂದಿತ್ತು. ನಾವು ಆಗ ಶಾಲೆಯಲ್ಲಿದ್ವಿ. ನೋಡಿರಲೂಬಹುದು, ದಾಟಿ ಮುಂದೆ ಹೋಗಿರಬೇಕು.

ಮತ್ತೆ ಭಾಗ್ಯನಗರ

ಈ ವರ್ಷ ನಮ್ಮ ಡಬ್ಬಿಯನ್ನು ಮತ್ತೆ ಮಾಡಿದ್ವಿ. ಗಾಳಿ ಆಡೋ ಹಾಗೆ ಪಟ್ಟಿಗಳಿರೋ ಬಿಳಿ ಮರದ ಪೆಟ್ಟಿಗೆ, ತಗಡಿನಿಂದ ದೂರ, ಮಣ್ಣಿನ ನೆಲದಿಂದ ನಾಲ್ಕು ಅಡಿ ಎತ್ತರ. ಎರಡು ವಾರ ಲ್ಯಾಬ್‌ನ ಒಳ್ಳೆ ಮಾಪಕದ ಪಕ್ಕದಲ್ಲಿಟ್ಟು ಹೋಲಿಸಿದ್ವಿ. ನಮ್ಮ ಸೆನ್ಸರ್ 1.4 ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಈಗ ಅದನ್ನು ಕಳೆದೇ ಬರೆದುಕೊಳ್ತೀವಿ. ಹಿಂದಿನ ಬ್ಯಾಚ್‌ನ ರೆಕಾರ್ಡ್ ನೋಡಿ ರೀಡಿಂಗ್ ಬರೆಯೋದನ್ನೂ ಬಿಟ್ಟಿದ್ದೀವಿ. ಗ್ರಾಫ್ ಈಗ ಸರಳ ರೇಖೆ ಬರಲ್ಲ, ಮಾರ್ಕ್ಸ್ ಒಂದೆರಡು ಕಮ್ಮಿ ಬಂದಿದೆ. ಪರವಾಗಿಲ್ಲ.

ಜನವರಿ ಹೊತ್ತಿಗೆ ಬರೋ ಗವಿಮಠದ ಅಜ್ಜನ ಜಾತ್ರೆಗೆ ನಾವು ಮೂವರೂ ಕೊಪ್ಪಳಕ್ಕೆ ಹೋಗ್ತೀವಿ. ಅಷ್ಟು ಜನ ಬಯಲಲ್ಲೇ ಇರೋ ಆ ದಿನಗಳಲ್ಲಿ ಮೂರು ದಿನದ ಮುನ್ಸೂಚನೆ ಎಷ್ಟು ಮನೆಗಳಿಗೆ ಬೇಕಾಗುತ್ತದೆ ಅಂತ ಈಗ ಗೊತ್ತಾಗಿದೆ. ಕಾಕಾ ಈಗಲೂ ಕೂದಲು ಹೊರಗೆ ಹಾಕೋ ಮುಂಚೆ ಮೊದಲು ಆಕಾಶ ನೋಡ್ತಾರೆ, ಆಮೇಲೆ ಇಲಾಖೆಯ ಮುನ್ಸೂಚನೆ ಕೇಳ್ತಾರೆ, ಕೊನೆಗೆ ನಮ್ಮ ಪೆಟ್ಟಿಗೆ ಏನು ಹೇಳುತ್ತೆ ಅಂತ ವಿಚಾರಿಸ್ತಾರೆ. ಮೂರನೇ ಜಾಗ ಸಿಕ್ಕಿದ್ದೇ ನಮಗೆ ದೊಡ್ಡದು. ನಾಳೆ ಬೆಳಿಗ್ಗೆ ನೀವು ಮೊಬೈಲ್‌ನಲ್ಲಿ ಡಿಗ್ರಿ ನೋಡುವಾಗ, ಡಿಗ್ರಿ ಸಿಗದೇ ಹೋದ ಈ ಹಿರಿಯರನ್ನು ಒಂದು ಸಲ ನೆನೆಸಿಕೊಳ್ಳಿ. ಮುಂದಿನ ಲ್ಯಾಬ್‌ನಲ್ಲಿ ಜೀರೋ ಎರರ್ ನೋಡೋದು ಮರೀಬೇಡಿ.